8 ಲೀಟರ್ ಆಸುಪಾಸಿನ ಮಿನಿ-ಐಟಿಎಕ್ಸ್ ಕೇಸ್: ಶೀಟ್ ಕಟಿಂಗ್‌ಗೆ ಕೊಡೋ ಮುಂಚೆ ಅಳತೆ ನೋಡಿ ಹೇಳಿ

ಬೋಗಾದಿ_ಬಿಲ್ಡರ್

ಮೇಜಿನ ಮೇಲೆ ಇಡೋಕೆ ಪುಟ್ಟ ಕಂಪ್ಯೂಟರ್ ಕೇಸ್ ಒಂದನ್ನ ಡ್ರಾಯಿಂಗ್ ಮಾಡಿದೀನಿ. ಹೊರಗಿನ ಅಳತೆ 110 × 200 × 310 ಮಿ.ಮೀ., ಅಂದ್ರೆ 6.8 ಲೀಟರ್. ಸ್ಯಾಂಡ್‌ವಿಚ್ ಲೇಔಟ್: ನಡುವೆ ಒಂದು ತಗಡು, ಅದರ ಒಂದು ಕಡೆ ಬೋರ್ಡು, ಬೆನ್ನಿಗೆ ಗ್ರಾಫಿಕ್ಸ್ ಕಾರ್ಡು.

ಒಳಗೆ ಕೂರಬೇಕಾದ್ದು: ಎಎಂ5 ಸಾಕೆಟ್ಟಿನ ಮಿನಿ-ಐಟಿಎಕ್ಸ್ (170 ಮಿ.ಮೀ. ಚೌಕದ) ಮದರ್‌ಬೋರ್ಡು, ರೈಜನ್ 5 7600 ಪ್ರೊಸೆಸರ್, ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಕೂಲರ್, ಎರಡು ಸ್ಲಾಟಿನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು, ಎಸ್‌ಎಫ್‌ಎಕ್ಸ್ (ಸಣ್ಣ ಅಳತೆಯ) ಪವರ್ ಸಪ್ಲೈ. ಕಾರ್ಡನ್ನ ಬೋರ್ಡಿಗೆ ಜೋಡಿಸೋಕೆ ರೈಸರ್ ಕೇಬಲ್. ಎಸ್‌ಎಫ್‌ಎಕ್ಸನ್ನ ಬೋರ್ಡಿನ ಮುಂದೆ, ಪ್ಲಗ್ ಇರೋ ಮುಖ ಮುಂದಿನ ಪ್ಯಾನೆಲ್ ಕಡೆ ಬರೋ ಹಾಗೆ ಇಟ್ಟಿದೀನಿ.

ಗೊತ್ತಾಗಬೇಕಾಗಿರೋದು ಇಷ್ಟು. 1.5 ಮಿ.ಮೀ. ಅಲ್ಯೂಮಿನಿಯಂ ಒಳ್ಳೇದಾ, 1.2 ಮಿ.ಮೀ. ಸ್ಟೀಲಾ? ಮೈಸೂರಲ್ಲಿ ಒಂದೇ ಪೀಸ್ ಮಾಡಿಕೊಡ್ತಾರಾ, ಫೈಲ್ ಹೇಗಿರಬೇಕು? ಏಪ್ರಿಲ್‌ನಲ್ಲಿ ರೂಮೇ 35 ಡಿಗ್ರಿ ಇರುತ್ತೆ, ಈ ಡಬ್ಬಿಯೊಳಗೆ 7600 ತಡ್ಕೊಳ್ಳುತ್ತಾ?

ಹೆಬ್ಬಾಳ್_ತಗಡು

ಶೀಟು, ಬೆಂಡಿಂಗು ಎಲ್ಲ ಆಮೇಲೆ. ಮೊದಲು ನಿಮ್ಮ 110 ಸಾಲಲ್ಲ. ಹೊರಗಿನ ಡಬ್ಬಿ ಅಳತೆ ಗೊತ್ತು ಮಾಡ್ಕೊಂಡು ಒಳಕ್ಕೆ ತುರುಕೋಕೆ ಹೋದ್ರೆ ಹೀಗೇ ಆಗೋದು. ಒಳಗಿಂದ ಕೂಡ್ತಾ ಬನ್ನಿ.

ಬೋರ್ಡಿನ ಕಡೆ ಪ್ಯಾನೆಲ್ 1.5, ಪ್ಯಾನೆಲ್ಲಿಗೂ ಫ್ಯಾನಿಗೂ ಸಂದು 3, ಕೂಲರ್ 47. ಎಲ್ಲರೂ ಎಡವೋದು ಇದರ ಮುಂದಿನ ಲೆಕ್ಕದಲ್ಲಿ: ಕೂಲರಿನ 47 ಅಳೆದಿರೋದು ಪ್ರೊಸೆಸರಿನ ಲೋಹದ ಮುಚ್ಚಳದಿಂದ ಮೇಲಕ್ಕೆ, ಬೋರ್ಡಿನಿಂದ ಅಲ್ಲ. ಸಾಕೆಟ್ ಮತ್ತು ಪ್ರೊಸೆಸರ್ ಸೇರಿ ಎಎಂ5ನಲ್ಲಿ ಇನ್ನೊಂದು ಸುಮಾರು 8 ಮಿ.ಮೀ. ತಿನ್ನುತ್ತೆ. ಆಮೇಲೆ ಬೋರ್ಡಿನ ದಪ್ಪ 1.6, ಬೋರ್ಡನ್ನ ತಗಡಿನಿಂದ ಎತ್ತಿ ಹಿಡಿಯೋ ಸ್ಟ್ಯಾಂಡಾಫ್ 6.5, ನಡುವಿನ ತಗಡು 1.5. ಇಲ್ಲಿಗೆ 69.1 ಆಯ್ತು. ಆ ಕಡೆ ಕಾರ್ಡಿನ ಬೆನ್ನಿಗೂ ತಗಡಿಗೂ 5, ಕಾರ್ಡು 40, ಕಾರ್ಡಿನ ಫ್ಯಾನ್ ಮುಂದೆ 4, ಪ್ಯಾನೆಲ್ 1.5. ಒಟ್ಟು 119.6. ಅಲ್ಲಿಗೆ ಅಗಲ 120. ಕೆಳಗಿಳೀಬೇಕು ಅಂದ್ರೆ ಕೂಲರ್ ಬದಲಾಯಿಸಿ; ನಾಕ್ಟುವಾ ಎನ್‌ಎಚ್-ಎಲ್9ಎ 37 ಮಿ.ಮೀ., 10 ಉಳಿಯುತ್ತೆ. ಆದ್ರೆ ಪವರ್ ಸಪ್ಲೈ ದಪ್ಪವೇ 63.5 ಇದೆ, ಅದನ್ನ ಬೋರ್ಡಿನ ಕಡೇನೇ ಇಟ್ಟಿದೀರಿ. 37ರ ಕೂಲರ್ ಹಾಕಿದ್ರೆ ಆ ಕಡೆ ಒಳಗಿನ ಜಾಗ 56ಕ್ಕೆ ಇಳಿದು ಪವರ್ ಸಪ್ಲೈ ಹಿಡಿಸಲ್ಲ. ಹಾಗಾಗಿ ಈ ಲೇಔಟಿಗೆ 47ರ ಕೂಲರೇ ಸರಿಯಾದ ಜೋಡಿ.

ಎರಡನೇದು, ಉದ್ದ. ಎಸ್‌ಎಫ್‌ಎಕ್ಸ್ ಅಳತೆ 125 × 63.5 × 100. ನೀವು 100ನ್ನ ಉದ್ದಕ್ಕೆ ಮಲಗಿಸಿದೀರಿ. ಬೋರ್ಡು 170, ಮಾಡ್ಯುಲರ್ (ಪವರ್ ಸಪ್ಲೈಯಿಂದ ಬಿಚ್ಚಿ ಹಾಕೋ) ಕೇಬಲ್ ಹೊರಳೋಕೆ ಕನಿಷ್ಠ 35, ಪವರ್ ಸಪ್ಲೈ 100, ಎಲ್ ಆಕಾರದ ಪ್ಲಗ್ ಹಾಕಿದ್ರೂ 25. ಕೂಡಿದ್ರೆ 330. ನಿಮ್ಮ 310ರಲ್ಲಿ ಎಲ್ಲಿ ಹಿಡಿಸುತ್ತೆ? ಅದನ್ನ ತಿರುಗಿಸಿ: 125 ಉದ್ದಕ್ಕೆ, 100 ಎತ್ತರಕ್ಕೆ, ಕೇಬಲ್ ಮುಖ ಕೆಳಗೆ, ಪ್ಲಗ್ ಮುಖ ಮೇಲೆ. ಆಗ 170 + 125 = 295, ಒಳಗಿನ ಉದ್ದ 312 ಇಟ್ಕೊಂಡ್ರೆ 17 ಮಿ.ಮೀ. ಕೇಬಲ್ ಓಡಾಡೋಕೆ ಉಳಿಯುತ್ತೆ. ಹೊರಗೆ 315. ಫ್ಯಾನ್ ಮುಖ ಪಕ್ಕದ ಪ್ಯಾನೆಲ್ ಕಡೆಗೇ ಇರಬೇಕು. ಆ ಜಾಗದಲ್ಲಿ ಪ್ಯಾನೆಲ್ಲಿಗೂ ತೂತು ಬೇಕು.

ಎತ್ತರಕ್ಕೆ 200 ಇಟ್ಟಿದೀರಿ. ಕೂರುತ್ತೆ, ಆದ್ರೆ ನಾನಾದ್ರೆ 220 ಇಡ್ತೀನಿ. ಬೋರ್ಡಿನ ಕೆಳಗೆ ರೈಸರ್ ತಿರುಗೋಕೆ 25 ಬಿಟ್ಟು, ಮೇಲೆ 92 × 92 × 15ರ ತೆಳು ಫ್ಯಾನ್ ಎರಡು ಸಾಲಾಗಿ ಕೂರುತ್ವೆ. ನಡುವಿನ ತಗಡಿನ ಮೇಲಿನ 20 ಮಿ.ಮೀ. ಕತ್ತರಿಸಿ ಬಿಟ್ರೆ ಅವೇ ಎರಡು ಫ್ಯಾನು ಎರಡೂ ಕಡೆಯ ಬಿಸಿಗಾಳಿ ಎಳೀತವೆ. ಹೀಗೆ ಮಾಡಿದ್ರೆ 120 × 220 × 315, ಅಂದ್ರೆ 8.3 ಲೀಟರ್. ಲೀಟರ್ ಸಂಖ್ಯೆ ಕಮ್ಮಿ ಮಾಡೋ ಹಠಕ್ಕೆ ಈ ಜಾಗ ಬಲಿ ಕೊಡಬೇಡಿ. ಡ್ಯಾನ್ ಎ4 ಥರದ 7.2 ಲೀಟರ್ ಕೇಸುಗಳ ಹಿಂದೆ ಹತ್ತಾರು ಸಲ ಮಾಡಿ ತಿದ್ದಿದ ಅಳತೆ ಇರುತ್ತೆ; ಮೊದಲನೇ ಕೇಸಿಗೆ ಸ್ವಲ್ಪ ಉಸಿರಾಡೋ ಜಾಗ ಇರಲಿ.

ಇನ್ನು ತಪ್ಪಿದ್ರೆ ತಿದ್ದೋಕೆ ಆಗದೇ ಇರೋ ಅಳತೆಗಳು. ಬೋರ್ಡು 170 × 170 ಚೌಕ ನಿಜ, ಆದ್ರೆ ನಾಲ್ಕು ಸ್ಕ್ರೂ ತೂತು ಚೌಕದಲ್ಲಿಲ್ಲ. ಮೂರು ತೂತು 157.48 × 154.94ರ ಮೂಲೆಗಳಲ್ಲಿ ಬರುತ್ವೆ. ಹಿಂದಿನ ಪೋರ್ಟುಗಳ ಪಕ್ಕದ, ಸ್ಲಾಟಿನಿಂದ ದೂರ ಇರೋ ನಾಲ್ಕನೇದು 22.86 ಮಿ.ಮೀ. ಒಳಕ್ಕೆ ಸರಿದಿದೆ. ಹಿಂದಿನ ಪೋರ್ಟುಗಳ ಕಿಂಡಿ 158.75 × 44.45. ಕಾರ್ಡಿನ ಸ್ಲಾಟ್ ಅಂತರ 20.32. ಎಸ್‌ಎಫ್‌ಎಕ್ಸಿನ ನಾಲ್ಕು ಮೂಲೆ ಸ್ಕ್ರೂಗಳು 113 × 51.5. 92ರ ಫ್ಯಾನಿಗೆ ಸ್ಕ್ರೂ ಅಂತರ 82.5. ಇವನ್ನ ವರ್ನಿಯರ್‌ನಲ್ಲಿ ಅಳೆದು ಬರೀಬೇಡಿ, ಸಂಖ್ಯೆ ಟೈಪ್ ಮಾಡಿ ಇಡಿ. ವರ್ನಿಯರ್ ಬೇಕಾಗೋದು ಕಾರ್ಡಿಗೆ. ಎರಡು ಸ್ಲಾಟ್ ಅಂತ ಡಬ್ಬಿ ಮೇಲೆ ಬರೆದು 42–43 ದಪ್ಪ ಇರೋ ಕಾರ್ಡುಗಳು ಬೇಕಾದಷ್ಟಿವೆ. ಕಾರ್ಡು ಕೈಗೆ ಬಂದ ಮೇಲೇ ಅಗಲ ಫೈನಲ್ ಮಾಡಿ.

ಕೂರ್ಗಳ್ಳಿ_ಜಾಬ್‌ವರ್ಕ್

ಮೇಲಿನ ಲೆಕ್ಕ ಸರಿಯಾಗಿದೆ. ಶೀಟಿನ ವಿಷಯ ನಾನು ಹೇಳ್ತೀನಿ.

ಈ ಅಳತೆಗೆ 1.2 ಮಿ.ಮೀ. ಸಿಆರ್‌ಸಿಎ (ತಣ್ಣಗೆ ಉರುಳಿಸಿ ಹದ ಮಾಡಿದ) ಸ್ಟೀಲ್ ತಗೊಳ್ಳಿ. ಅಂಗಡಿಯಲ್ಲಿ 18 ಗೇಜ್ ಅಂದ್ರೆ ಅದೇ. ಕಾರಣ ಮೂರು. ಒಂದು, ಹಿಂದಿನ ಕಿಂಡಿಗೆ ಬೋರ್ಡಿನ ಜೊತೆ ಬರೋ ತಗಡಿನ ಐಒ ಶೀಲ್ಡ್ ಕಚ್ಕೊಳ್ಳೋಕೆ ಎಟಿಎಕ್ಸ್ (ಬೋರ್ಡು, ಕೇಸುಗಳ ಅಳತೆಯ ಮಾನದಂಡ) ಲೆಕ್ಕದಲ್ಲಿ ಪ್ಯಾನೆಲ್ ದಪ್ಪ 0.94ರಿಂದ 1.32ರೊಳಗೆ ಇರಬೇಕು, 1.5ರ ಅಲ್ಯೂಮಿನಿಯಂನಲ್ಲಿ ಅದು ಕಚ್ಚಲ್ಲ, ಹೊರಕ್ಕೆ ಬಂದು ಬೀಳುತ್ತೆ. (ಶೀಲ್ಡ್ ಬೋರ್ಡಿಗೇ ಅಂಟಿಕೊಂಡು ಬಂದಿದ್ರೆ ಈ ತಲೆನೋವಿಲ್ಲ.) ಎರಡು, ಸಣ್ಣ ಅಂಗಡಿಗಳಲ್ಲಿ ಅಲ್ಯೂಮಿನಿಯಂ ಅಂದ್ರೆ ಯಾವ ಗ್ರೇಡ್ ಅಂತ ಹೇಳೋರೇ ಇರಲ್ಲ. 5052 ಆದ್ರೆ ಚೆನ್ನಾಗಿ ಬೆಂಡ್ ಆಗುತ್ತೆ, 6061-ಟಿ6 ಕೊಟ್ಟುಬಿಟ್ರೆ ಮೂಲೆಯಲ್ಲಿ ಬಿರುಕು ಗ್ಯಾರಂಟಿ. ಮೂರು, ಸಿಆರ್ ಶೀಟಿನ ತುಂಡು ಎಲ್ಲರ ಹತ್ರಾನೂ ಬಿದ್ದಿರುತ್ತೆ. ಒಂದೇ ಪೀಸ್ ಕೆಲಸಕ್ಕೆ ಹೊಸ ಶೀಟ್ ತೆಗೆಯೋರು ಕಮ್ಮಿ. ತೂಕದ ಲೆಕ್ಕ ಬೇಕಾದ್ರೆ, ಈ ಕೇಸ್ ಸ್ಟೀಲಿನಲ್ಲಿ ತೂತು ಕಳೆದು ಎರಡೂವರೆ ಮೂರು ಕೆ.ಜಿ., ಅಲ್ಯೂಮಿನಿಯಂನಲ್ಲಿ ಅದರ ಅರ್ಧಕ್ಕಿಂತ ಕಮ್ಮಿ. ಮೇಜಿನ ಮೇಲೆ ಕೂರೋ ಕೇಸಿಗೆ ತೂಕ ಒಳ್ಳೇದೇ.

ಹೆಬ್ಬಾಳ್, ಮೇಟಗಳ್ಳಿ, ಕೂರ್ಗಳ್ಳಿ ಕಡೆ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಲೇಸರ್ ಮತ್ತು ಬೆಂಡಿಂಗ್ ಎರಡೂ ಒಂದೇ ಕಡೆ ಇರೋ ಅಂಗಡಿ ಹುಡುಕಿ. ಕಟಿಂಗ್ ಒಂದು ಕಡೆ, ಬೆಂಡಿಂಗ್ ಇನ್ನೊಂದು ಕಡೆ ಆದ್ರೆ ಅಳತೆ ತಪ್ಪಿದಾಗ ಇವರು ಅವರನ್ನ ತೋರಿಸ್ತಾರೆ, ಅವರು ಇವರನ್ನ. ದಸರಾ ಹತ್ತಿರ ಕೆಲಸ ಕೊಡಬೇಡಿ. ಆಯುಧಪೂಜೆಗೆ ಮಿಷನ್ ತೊಳೆದು ಹೂ ಹಾಕಿದ ಮೇಲೆ ಒಂದೇ ಪೀಸ್ ಗಿರಾಕಿ ಯಾರಿಗೂ ನೆನಪಿರಲ್ಲ.

ಬೆಂಡಿಂಗ್ ಲೆಕ್ಕ ಗಮನ ಕೊಟ್ಟು ಓದಿ. 1.2ರ ಶೀಟು, ಒಳಗಿನ ರೇಡಿಯಸ್ 1.2, ಕೆ-ಫ್ಯಾಕ್ಟರ್ (ಮಡಚುವಾಗ ಹಿಗ್ಗದ, ಕುಗ್ಗದ ಪದರ ದಪ್ಪದಲ್ಲಿ ಎಲ್ಲಿದೆ ಅನ್ನೋ ಅನುಪಾತ) 0.42 ಹಿಡಿದ್ರೆ ಒಂದೊಂದು 90 ಡಿಗ್ರಿ ಬೆಂಡಿಗೆ ಕಳೀಬೇಕಾದ್ದು ಸುಮಾರು 2.1 ಮಿ.ಮೀ. ಅಂದ್ರೆ ಹೊರಗಿನಳತೆ 20 + 120 + 20 ಇರೋ ಒಂದು ಯು ಆಕಾರಕ್ಕೆ ಚಪ್ಪಟೆ ಶೀಟು 160 ಅಲ್ಲ, 155.8. ಇದನ್ನ ಬಿಟ್ರೆ ಪ್ಯಾನೆಲ್ 4 ಮಿ.ಮೀ. ದೊಡ್ಡದಾಗಿ ಬಂದು ಒಂದು ಸ್ಕ್ರೂ ತೂತೂ ಎದುರುಬದುರು ಕೂರಲ್ಲ. ಈ 2.1 ಕೂಡ ಅವರ ಡೈ ಮೇಲೆ ಬದಲಾಗುತ್ತೆ. ಅದಕ್ಕೇ 100 × 30ರ ಒಂದು ತುಂಡನ್ನ ಅದೇ ಶೀಟಿನಿಂದ ಕತ್ತರಿಸಿ, ನಡುವೆ ಬೆಂಡ್ ಮಾಡಿಸಿ, ಎರಡೂ ಕಾಲು ಹೊರಗಿನಿಂದ ಅಳೀರಿ. ಎರಡು ಕಾಲು ಕೂಡಿದ್ರೆ 102.1 ಬಂತು ಅಂದ್ರೆ ಕಳೆಯೋದು 2.1. ಆ ಸಂಖ್ಯೆ ಹಾಕಿ ಫೈಲ್ ತಿದ್ದಿ, ಆಮೇಲೆ ಉಳಿದದ್ದು ಕತ್ತರಿಸಿ.

ಮಡಚಿದ ಅಂಚು 10 ಮಿ.ಮೀ.ಗಿಂತ ಕಮ್ಮಿ ಇಡಬೇಡಿ, ಡೈ ಮೇಲೆ ಕೂರಲ್ಲ. ಬೆಂಡಿನ ಪಕ್ಕದಲ್ಲಿ ತೂತಿದ್ರೆ ಅದರ ಅಂಚಿಗೂ ಬೆಂಡಿಗೂ ಕನಿಷ್ಠ 4 ಮಿ.ಮೀ. ಬಿಡಿ, ಇಲ್ಲಾಂದ್ರೆ ಗುಂಡನೆ ತೂತು ಮೊಟ್ಟೆ ಆಕಾರಕ್ಕೆ ಎಳೆದುಕೊಳ್ಳುತ್ತೆ. ಎರಡು ಬೆಂಡ್ ಸೇರೋ ಮೂಲೆಯಲ್ಲಿ 1.5 ಅಗಲದ ರಿಲೀಫ್ ಸೀಳು ಬೇಕು.

ಫೈಲ್ ಡಿಎಕ್ಸ್‌ಎಫ್, ಮಿ.ಮೀ.ನಲ್ಲಿ, 1:1. ಗೆರೆಗಳು ಮುಚ್ಚಿದ ಪಾಲಿಲೈನ್ ಆಗಿರಲಿ. ಒಂದರ ಮೇಲೊಂದು ಎರಡು ಗೆರೆ ಇದ್ರೆ ಲೇಸರ್ ಎರಡು ಸಲ ಓಡಿ ಅಂಚು ಸುಡುತ್ತೆ. ಬೆಂಡ್ ಗೆರೆ ಬೇರೆ ಲೇಯರ್‌ನಲ್ಲಿ ಇಟ್ಟು, ಮೇಲಕ್ಕೋ ಕೆಳಕ್ಕೋ ಅಂತ ಬರೆದ ಪಿಡಿಎಫ್ ಒಂದನ್ನ ಜೊತೆಗೆ ಕೊಡಿ. ಬೆಂಡ್ ಗೆರೆಯನ್ನೇ ಕತ್ತರಿಸಿ ಕೊಟ್ಟಿರೋ ಉದಾಹರಣೆ ಇದೆ. ಫ್ರೀಕ್ಯಾಡ್‌ನಲ್ಲಿ ಶೀಟ್ ಮೆಟಲ್ ಆಡ್-ಆನ್ ಹಾಕ್ಕೊಂಡ್ರೆ ಮಡಚಿದ ಮಾಡೆಲ್ಲನ್ನ ಅದೇ ಬಿಡಿಸಿ ಚಪ್ಪಟೆ ಮಾಡಿಕೊಡುತ್ತೆ, ಹಣ ಕೊಡಬೇಕಿಲ್ಲ.

1.2ರ ಶೀಟಿನಲ್ಲಿ ಎಂ3 ಟ್ಯಾಪ್ ಹೊಡೆಸಬೇಡಿ. ಎಂ3 ಪಿಚ್ 0.5, ಎರಡು ಸುತ್ತು ಎಳೆ ಸಿಗುತ್ತೆ ಅಷ್ಟೆ, ನಾಲ್ಕು ಸಲ ಬಿಚ್ಚಿ ಹಾಕಿದ್ರೆ ಕಿತ್ತುಹೋಗುತ್ತೆ. ಪ್ರೆಸ್ ಮಾಡಿ ಕೂರಿಸೋ ನಟ್ ಆದ್ರೆ ತೂತು 4.25, ಕೈ ಉಪಕರಣದಲ್ಲಿ ಹಾಕೋ ರಿವೆಟ್ ನಟ್ ಆದ್ರೆ 5. ಯಾವುದು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ, ತೂತು ಬೇರೆ. ಹೊರಗಿನ ಪ್ಯಾನೆಲ್ಲಿಗೆ ಕೌಂಟರ್‌ಸಂಕ್ ಸ್ಕ್ರೂ ಆಸೆ ಬಿಡಿ. ಎಂ3 ತಲೆಯ ಆಳ 1.7, ಶೀಟು 1.2. ಬಟನ್ ಹೆಡ್ ಹಾಕಿ.

ಬೋಗಾದಿ_ಬಿಲ್ಡರ್

ತುಂಬ ಉಪಯೋಗ ಆಯ್ತು ಸಾರ್. 120 × 220 × 315ಕ್ಕೆ ಬದಲಾಯಿಸ್ತೀನಿ. ಶೀಟಿಗೆ ಮುಂಚೆ ಮಾದರಿಗೆ 3 ಮಿ.ಮೀ. ಸನ್‌ಬೋರ್ಡ್ ಲೇಸರ್‌ನಲ್ಲಿ ಕತ್ತರಿಸಿ ನೋಡೋಣ ಅಂತಿದೀನಿ. ಪೌಡರ್ ಕೋಟಿಂಗ್ ಬಗ್ಗೆನೂ ಹೇಳಿ.

ಕೂರ್ಗಳ್ಳಿ_ಜಾಬ್‌ವರ್ಕ್

ಸನ್‌ಬೋರ್ಡ್ ಲೇಸರ್‌ಗೆ ಹಾಕಲೇಬೇಡಿ. ಅದು ಪಿವಿಸಿ, ಸುಟ್ರೆ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ಬರುತ್ತೆ, ಮಿಷನ್ ತುಕ್ಕು ಹಿಡಿಯುತ್ತೆ, ಎದೆಗೂ ಕೆಟ್ಟದ್ದು. ಕಟ್ಟರ್‌ನಲ್ಲಿ ಕೈಯಲ್ಲೇ ಕೊಯ್ಯಿರಿ, ಇಲ್ಲಾ 3 ಮಿ.ಮೀ. ಎಂಡಿಎಫ್ ಲೇಸರ್ ಮಾಡಿಸಿ. ರಟ್ಟಿನಲ್ಲಿ ಮಾಡಿದ್ರೂ ಸಾಕು. ಮಾದರಿ ಬೇಕಿರೋದು ಅಂದಕ್ಕಲ್ಲ, 24 ಪಿನ್ ಕೇಬಲ್ ಮಡಚಿದಾಗ ಪ್ಯಾನೆಲ್ ಮುಚ್ಚುತ್ತಾ ಅಂತ ನೋಡೋಕೆ.

ಪೌಡರ್ ಕೋಟಿಂಗ್: ಒಂದೊಂದು ಮೈಗೂ 60–80 ಮೈಕ್ರಾನ್ ಕೂರುತ್ತೆ. ಅಂದ್ರೆ ಪ್ರತಿ ತೂತೂ ಸುಮಾರು 0.15 ಕಿರಿದಾಗುತ್ತೆ. ಎಂ3 ಹೋಗೋ ತೂತಿಗೆ 3.2 ಬದಲು 3.4 ಇಡಿ, ನಾಲಿಗೆ ಸೀಳಿಗೆ ಸೇರೋ ಜಾಗಗಳಲ್ಲಿ ದಪ್ಪದ ಮೇಲೆ 0.4 ಬಿಡಿ. ನಟ್‌ಗಳಿಗೆ ಸಿಲಿಕಾನ್ ಬಿರಡೆ ಹಾಕಿಸಿ, ಇಲ್ಲಾಂದ್ರೆ ಎಳೆಯೊಳಗೆ ಪೌಡರ್ ಬೆಂದು ಗಟ್ಟಿಯಾಗಿ ಮತ್ತೆ ಟ್ಯಾಪ್ ಓಡಿಸಬೇಕು. ಸೆವೆನ್ ಟ್ಯಾಂಕ್ (ಏಳು ತೊಟ್ಟಿಗಳಲ್ಲಿ ಅದ್ದಿ ಎಣ್ಣೆ, ತುಕ್ಕು ತೆಗೆಯೋದು) ಮಾಡ್ತೀರಾ ಅಂತ ಕೇಳಿ. ಬರೀ ಬಟ್ಟೆಯಲ್ಲಿ ಒರೆಸಿ ಪೌಡರ್ ಹೊಡೆಯೋ ಕಡೆ ಎಣ್ಣೆ ಉಳಿದು ವರ್ಷದೊಳಗೆ ಸಿಪ್ಪೆ ಏಳುತ್ತೆ. ಆಕ್ಸಿಜನ್‌ನಲ್ಲಿ ಕತ್ತರಿಸಿದ ಅಂಚಿನ ಮೇಲೆ ಕಪ್ಪು ಆಕ್ಸೈಡ್ ಪದರ ಇರುತ್ತೆ, ಅದನ್ನ ಅರದಲ್ಲಿ ಉಜ್ಜಿ ತೆಗೀದಿದ್ರೆ ಕೋಟಿಂಗ್ ಅಂಚಿನಿಂದಲೇ ಬಿಡೋಕೆ ಶುರು. ಮಳೆಗಾಲದಲ್ಲಿ ಕತ್ತರಿಸಿದ ಸಿಆರ್ ಶೀಟನ್ನ ವಾರಗಟ್ಟಲೆ ಮನೇಲಿ ಇಟ್ಕೋಬೇಡಿ.

ಮಂಡ್ಯ_ಮಿನಿ

ಗಾಳಿ ಮತ್ತು ಕರೆಂಟು ಎರಡೂ ಬಾಕಿ ಉಳಿದಿವೆ.

7600ರ ಹೆಸರಿಗೆ 65 ವಾಟ್ ಅಂತಿದ್ರೂ ಅದು ಎಳೆಯೋ ಮಿತಿ 88. 35 ಡಿಗ್ರಿ ರೂಮಿನಲ್ಲಿ 47ರ ಕೂಲರ್ ಇಟ್ಕೊಂಡು 88 ಓಡಿಸಿದ್ರೆ 95 ಡಿಗ್ರಿಗೆ ತಲೆ ತಾಗಿಸಿ ತಾನೇ ವೇಗ ಇಳಿಸ್ಕೊಳ್ಳುತ್ತೆ, ಫ್ಯಾನು ಕಿರುಚುತ್ತೆ. ಬೋರ್ಡಿನ ಬಯಾಸ್ ಸೆಟ್ಟಿಂಗ್‌ನಲ್ಲಿ ಪಿಪಿಟಿ (ಅದೇ ಎಳೆಯೋ ಮಿತಿ) 65 ಮಾಡಿ. ಆಟದಲ್ಲಿ ಗೊತ್ತೇ ಆಗಲ್ಲ, ವಿಡಿಯೋ ಎನ್‌ಕೋಡ್ ಥರದ ಪೂರ್ತಿ ಲೋಡಿನಲ್ಲಿ ಸ್ವಲ್ಪ ನಿಧಾನ ಆಗಬಹುದು.

ಸಂದು ಬರೀ 3 ಮಿ.ಮೀ. ಅಂದ ಮಾತ್ರಕ್ಕೆ ಹೊರಗಿನ ಗಾಳಿ ನೇರ ಫ್ಯಾನಿಗೆ ಹೋಗುತ್ತೆ ಅನ್ಕೋಬೇಡಿ. ಪಕ್ಕದಿಂದ ಒಳಗಿನ ಬಿಸಿಗಾಳಿಯನ್ನೇ ಎಳ್ಕೊಳ್ಳುತ್ತೆ. ಫ್ಯಾನಿನ ಚೌಕಟ್ಟಿನ ಸುತ್ತ 5 ಮಿ.ಮೀ. ದಪ್ಪದ ಫೋಮ್ ಟೇಪ್ ಅಂಟಿಸಿ, ಪ್ಯಾನೆಲ್ ಮುಚ್ಚಿದಾಗ ಅದು ಒತ್ತಿಕೊಂಡು ಕೂರಲಿ. ಇಡೀ ಕೇಸಿನಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಫಲ ಕೊಡೋ ಕೆಲಸ ಇದು. ಪವರ್ ಸಪ್ಲೈ ಫ್ಯಾನಿಗೂ ಇದೇ. ಮೇಲಿನ ಎರಡು 92 ಹೊರಕ್ಕೆ ಊದಲಿ. ಕಾರ್ಡಿನ ಬೆನ್ನಿನಲ್ಲಿ ಗಾಳಿ ದಾಟೋ ಕಿಂಡಿ ಇದ್ರೆ ಅದರ ಎದುರಿನ ನಡುತಗಡಿಗೂ ಅಷ್ಟಗಲದ ಕಿಂಡಿ ಕೊಡಿ, ಇಲ್ಲಾಂದ್ರೆ ಬಿಸಿಗಾಳಿ ತಗಡಿಗೆ ಬಡಿದು ವಾಪಸ್ ಬರುತ್ತೆ.

ಪ್ಯಾನೆಲ್ ತೂತಿನ ಲೆಕ್ಕ: 3 ಮಿ.ಮೀ. ತೂತು 4.5ರ ಅಂತರದಲ್ಲಿ ಜೇನುಗೂಡಿನ ಹಾಗೆ ಜೋಡಿಸಿದ್ರೆ ತೆರೆದ ಜಾಗ ಬರೀ ಶೇ. 40. 4ರ ತೂತು 5ರ ಅಂತರ ಆದ್ರೆ ಶೇ. 58. ಆರು ಮೂಲೆಯ 5ರ ತೂತು 6ರ ಅಂತರದಲ್ಲಿ ಶೇ. 69. ಶೇ. 55ಕ್ಕಿಂತ ಕೆಳಗಿಳೀಬೇಡಿ. ಆದ್ರೆ ಒಂದು 92ರ ಫ್ಯಾನಿನ ವೃತ್ತಕ್ಕೇ 4ರ ತೂತು 300 ಆಗುತ್ತೆ. ಲೇಸರಿನವರು ಪ್ರತಿ ಚುಚ್ಚಿಗೂ ಲೆಕ್ಕ ಹಾಕ್ತಾರೆ, ಅಷ್ಟು ಒತ್ತೊತ್ತಾಗಿ ಸುಟ್ರೆ ಶೀಟೂ ಡೊಂಕಾಗುತ್ತೆ. ಎರಡು ಪಕ್ಕದ ಪ್ಯಾನೆಲ್ಲಿಗೆ ರೆಡಿ ಸಿಗೋ ತೂತಿನ ಶೀಟನ್ನೇ ತಂದು, ಅಂಚು ಮಾತ್ರ ಮಡಚಿಸಿ.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಕಬ್ಬಿನ ಸೋಗೆ ಸುಡೋ ಕಾಲದಲ್ಲಿ ಕಪ್ಪು ಬೂದಿ ಮನೆಯೊಳಗೆಲ್ಲ ತೇಲ್ತಾ ಇರುತ್ತೆ. ಅದು ಮಣ್ಣಿನ ಧೂಳಿನ ಹಾಗೆ ಉದುರಲ್ಲ, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತೆ. ಮಂಡ್ಯ, ಪಾಂಡವಪುರ ಕಡೆಯವರು ತೆಳು ನೈಲಾನ್ ಜಾಲರಿಯ ಮ್ಯಾಗ್ನೆಟ್ ಫಿಲ್ಟರ್ ಒಳಗಿನಿಂದ ಹಾಕ್ಕೊಳ್ಳಿ. ಸ್ಟೀಲ್ ಆದ್ರಿಂದ ಮ್ಯಾಗ್ನೆಟ್ ಹಿಡಿಯುತ್ತೆ, ಅಲ್ಯೂಮಿನಿಯಂ ಬೇಡ ಅನ್ನೋಕೆ ನಾಲ್ಕನೇ ಕಾರಣ. ಫಿಲ್ಟರ್ ಹಾಕಿದ ಮೇಲೆ ಕೆಲವು ಡಿಗ್ರಿ ಏರೋದನ್ನ ಒಪ್ಪಿಕೊಳ್ಳಿ. ಮೈಸೂರಿನವರಿಗೆ ಅಗತ್ಯ ಇಲ್ಲ, ತಿಂಗಳಿಗೊಮ್ಮೆ ಬ್ಲೋವರ್ ಹಿಡಿದ್ರೆ ಸಾಕು.

ಕರೆಂಟು. ಪವರ್ ಸಪ್ಲೈ ಒಳಗಿದ್ದು ಪ್ಲಗ್ ಹಿಂದೆ ಬರಬೇಕು ಅಂದ್ರೆ 230 ವೋಲ್ಟ್ ವೈರ್ ಕೇಸಿನೊಳಗೇ ಓಡುತ್ತೆ. ಹಿಂದಿನ ಸಿ14 (ಪವರ್ ಕೇಬಲ್ ಚುಚ್ಚೋ) ಸಾಕೆಟ್ಟಿನ ಸ್ಕ್ರೂ ಅಂತರ 40. ಮೂರು ಎಳೆಯ, 10 ಆಂಪಿಯರಿನ ರೆಡಿಮೇಡ್ ಎಕ್ಸ್‌ಟೆನ್ಷನ್ ಕೊಳ್ಳಿ, ನೀವೇ ಬೆಸುಗೆ ಹಾಕೋಕೆ ಹೋಗಬೇಡಿ. ಪೌಡರ್ ಕೋಟಿಂಗ್ ಕರೆಂಟನ್ನ ಬಿಡಲ್ಲ, ಆದ್ರಿಂದ ನಾಲ್ಕೂ ಕಡೆ ಬಣ್ಣ ಬಳಿದ ಪ್ಯಾನೆಲ್‌ಗಳು ಒಂದಕ್ಕೊಂದು ತಾಗಿದ್ರೂ ಅರ್ಥಿಂಗ್ ಸಿಗಲ್ಲ. ಪವರ್ ಸಪ್ಲೈ ಕೂರೋ ಜಾಗದಲ್ಲಿ, ಪ್ಯಾನೆಲ್‌ಗಳು ಸೇರೋ ಒಂದೊಂದು ಸ್ಕ್ರೂ ಸುತ್ತ ಬಣ್ಣ ಕೆರೆದು ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ. ಪ್ಲಗ್ ಕಿತ್ತು, ಮಲ್ಟಿಮೀಟರ್‌ನಲ್ಲಿ ಸಾಕೆಟ್ಟಿನ ಅರ್ಥ್ ಪಿನ್ನಿಂದ ಪ್ರತಿ ಪ್ಯಾನೆಲ್ಲಿಗೂ ಒಂದು ಓಮ್‌ಗಿಂತ ಕಮ್ಮಿ ಬರ್ತಿದೆಯಾ ನೋಡಿ. ಬರಲಿಲ್ಲ ಅಂದ್ರೆ ಆನ್ ಮಾಡಬೇಡಿ.

ಬೇರೆ ಬ್ರ್ಯಾಂಡಿನ ಮಾಡ್ಯುಲರ್ ಕೇಬಲ್ ಗಿಡ್ಡ ಇದೆ ಅಂತ ಹಾಕಬೇಡಿ. ಪವರ್ ಸಪ್ಲೈ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ. ಪ್ಲಗ್ ಕೂರುತ್ತೆ, ಬೋರ್ಡು ಸುಡುತ್ತೆ. ಪವರ್ ಬಟನ್ 16 ಮಿ.ಮೀ. ಲೋಹದ್ದು ತಗೊಳ್ಳುವಾಗ ಒತ್ತಿ ಬಿಟ್ರೆ ವಾಪಸ್ ಬರೋದನ್ನೇ ಕೇಳಿ. ಒತ್ತಿದ್ರೆ ಅಲ್ಲೇ ನಿಲ್ಲೋದು ತಂದ್ರೆ ಕಂಪ್ಯೂಟರ್ ಆನ್ ಆಗಿ ನಾಲ್ಕು ಸೆಕೆಂಡಿಗೆ ತಾನೇ ಆಫ್ ಆಗುತ್ತೆ, ಬೋರ್ಡೇ ಕೆಟ್ಟಿದೆ ಅಂತ ಸರ್ವೀಸಿಗೆ ಓಡ್ತೀರಿ.

ಬೋಗಾದಿ_ಬಿಲ್ಡರ್

ರೈಸರ್ ಒಂದು ಉಳೀತು. ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) ಜೆನ್ 4 ಅಂತಲೇ ತಗೋಬೇಕಾ, ಜೆನ್ 3 ಸಾಕಾ? ಕಾಲು ಭಾಗ ಬೆಲೆಗೆ ಸಿಗ್ತಿದೆ.

ಹೆಬ್ಬಾಳ್_ತಗಡು

ಜೆನ್ 3 ಕೇಬಲ್ ಹಾಕಿ ಬಯಾಸ್ ಆಟೋದಲ್ಲಿ ಬಿಟ್ರೆ ಬೋರ್ಡೂ ಕಾರ್ಡೂ ಜೆನ್ 4ರಲ್ಲಿ ಮಾತಾಡೋಕೆ ನೋಡ್ತವೆ, ಕೇಬಲ್ ತಡೆಯಲ್ಲ, ಸ್ಕ್ರೀನ್ ಕಪ್ಪು. ಹಾಗಾಗಿ ಮೊದಲ ಸಲ ಆನ್ ಮಾಡುವಾಗ ಕಾರ್ಡು ಹಾಕಲೇಬೇಡಿ. 7600ರಲ್ಲೇ ಗ್ರಾಫಿಕ್ಸ್ ಇದೆ, ಮಾನಿಟರನ್ನ ಬೋರ್ಡಿಗೇ ಚುಚ್ಚಿ, ಬಯಾಸ್‌ನಲ್ಲಿ ಸ್ಲಾಟನ್ನ ಜೆನ್ 3 ಅಂತ ಗಟ್ಟಿ ಮಾಡಿ ಸೇವ್ ಮಾಡಿ, ಆಮೇಲೆ ಕಾರ್ಡು ಜೋಡಿಸಿ. 4060 ಬಳಸೋದು ಎಂಟು ಲೇನ್ (ಡೇಟಾ ಓಡೋ ದಾರಿ) ಮಾತ್ರ, ಜೆನ್ 3ಕ್ಕೆ ಇಳಿಸಿದ್ರೆ ಹದಿನಾರು ಲೇನಿನ ಕಾರ್ಡಿಗಿಂತ ಸ್ವಲ್ಪ ಹೆಚ್ಚು ಏಟು ಬೀಳುತ್ತೆ. ಅದರಲ್ಲೂ 8 ಜಿಬಿ ಮೆಮೊರಿ ತುಂಬೋ ಆಟಗಳಲ್ಲಿ. ದುಡ್ಡಿದ್ರೆ ಜೆನ್ 4 ತಗೊಳ್ಳಿ, ಆದ್ರೂ ಇದೇ ಕ್ರಮ ಅನುಸರಿಸಿ. ಆಟದ ಮಧ್ಯೆ ಕ್ಷಣ ಕಪ್ಪಾಗಿ ಬರೋದು, ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವಿಯಾ ಲಾಗರ್ (WHEA-Logger) ಎಚ್ಚರಿಕೆಗಳು ಸಾಲಾಗಿ ಬೀಳೋದು, ಇವೆರಡೂ ರೈಸರ್ ಸೋಲ್ತಿದೆ ಅನ್ನೋ ಗುರುತು.

ಉದ್ದ 200 ಆಸುಪಾಸು ಸಾಕು. ತೀರ ಉದ್ದ ತಂದು ಬೋರ್ಡಿನ ಕೆಳಗಿನ ಆ 25 ಮಿ.ಮೀ.ನಲ್ಲಿ ಮಡಚಿ ಮಡಚಿ ತುರುಕಿದ್ರೆ ಜೆನ್ 4 ಕೇಬಲ್ಲೂ ಜೆನ್ 3 ಥರ ನಡ್ಕೊಳ್ಳುತ್ತೆ. ತಿರುವಿನಲ್ಲಿ ಉಗುರು ಎಳೆದು ಗೆರೆ ಹಾಕಿದ ಹಾಗೆ ಮಡಚಬೇಡಿ, ಸುತ್ತಿದ ಹಾಗೆ ತಿರುಗಲಿ. ಕಾರ್ಡಿನ ಕಡೆಯ ಕನೆಕ್ಟರ್ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದನ್ನ ಎಂಡಿಎಫ್ ಮಾದರಿಯಲ್ಲಿ ಕಾರ್ಡು ಹಿಡಿದು ನೋಡಿ, ಆಮೇಲೆ ಆರ್ಡರ್ ಮಾಡಿ. ಒಂದೇ ಉದ್ದದಲ್ಲಿ ನೇರ, 90 ಡಿಗ್ರಿ, ತಿರುಗುಮುಗುರು ಅಂತ ಮೂರು ಥರ ಸಿಗ್ತವೆ, ಈ ಲೇಔಟಿಗೆ ಅದರಲ್ಲಿ ಒಂದೇ ಹೊಂದೋದು.